ಅಮ್ಮನನ್ನು ಕೂರಿಸಿದ್ದು ನಾವೇ

ಹೋದ ವರ್ಷ ದಸರಾ ರಜೆಯಲ್ಲಿ ನಮ್ಮ ಅಮ್ಮನ ಟ್ರೀಟ್‌ಮೆಂಟ್ ಮುಗೀತು. ಒಂದು ಆಪರೇಷನ್, 8 ಕಿಮೋ, 15 ರೇಡಿಯೇಷನ್. ಕೊನೇ ದಿನ ಆಸ್ಪತ್ರೆಯಿಂದ ವಾಪಸ್ ಬರೋವಾಗ ಅಪ್ಪ ಫರ್ನಿಚರ್ ಅಂಗಡಿ ಮುಂದೆ ಕಾರು ನಿಲ್ಲಿಸಿ, ಹಿಂದಕ್ಕೆ ಒರಗೋ ಕುರ್ಚಿ ಒಂದನ್ನ ಕಂತಿನ ಮೇಲೆ ಬುಕ್ ಮಾಡಿದ್ರು. ನಾವಿಬ್ರು ಮಕ್ಕಳು ಅದನ್ನ ಹಾಲ್‌ನಲ್ಲಿ ಟಿವಿ ಎದುರಿಗೆ ಇಟ್ವಿ. ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಜನ ಗೊತ್ತು ಮಾಡಿದ್ವಿ. ಬಗ್ಗಿ ರಂಗೋಲಿ ಹಾಕೋದು ಬೇಡ ಅಂತ ಬಾಗಿಲ ಮುಂದೆ ಪ್ಲಾಸ್ಟಿಕ್ ರಂಗೋಲಿ ಸ್ಟಿಕ್ಕರ್ ಅಂಟಿಸಿದ್ವಿ. ನೀರಿನ ಬಾಟಲ್, ರಿಮೋಟ್, ಮಾತ್ರೆ ಡಬ್ಬಿ ಎಲ್ಲಾ ಕೈಗೆಟುಕೋ ಹಾಗೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಾಡಿದ್ದು ತಪ್ಪು ಅಂತ ಈಗ ಅನ್ನಿಸ್ತಿದೆ, ಅದಕ್ಕೇ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ನಮ್ಮ ಮನೇಲಿ ಒಂದು ವರ್ಷ ಪೂರ್ತಿ 'ಸ್ತನ ಕ್ಯಾನ್ಸರ್' ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೆಂಟರಿಗೆ ಅದು 'ಆ ಕಾಯಿಲೆ', ನಮಗೆ ಇಂಗ್ಲಿಷಿನ ಎರಡು ಪದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ಹಾಗೆ ಅಂದ್ಕೊಂಡಿದ್ವಿ, ಆದರೆ ಕನ್ನಡ ಮೀಡಿಯಂನಲ್ಲಿ ಓದಿದ ಅಪ್ಪನೂ ಹೇಳ್ತಿರಲಿಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಇದೇ. 2022ರ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 1.9 ಲಕ್ಷ ಹೊಸ ಕೇಸುಗಳು. ಅಂದರೆ ಇದನ್ನು ಓದ್ತಿರೋ ನಿಮ್ಮ ಕ್ಲಾಸಲ್ಲೂ ಇಂಥ ಮನೆಯಿಂದ ಬಂದವರು ಇರಬಹುದು.

ಈಗ ಸುಸ್ತಿನ ವಿಷಯ. ಕಿಮೋ ಆದ ಮೇಲಿನ ಸುಸ್ತು ನಮ್ಮ ನಿಮ್ಮ ಸುಸ್ತಿನ ತರ ಅಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆಗೆಟ್ಟರೆ ಮಾರನೇ ದಿನ ಮಲಗಿದ್ರೆ ಸರಿಹೋಗುತ್ತೆ. ಇದು ಮಲಗಿದ್ರೆ ಹೋಗಲ್ಲ. ಅಮ್ಮ ಹತ್ತು ಗಂಟೆ ನಿದ್ದೆ ಮಾಡಿ ಎದ್ದು, "ಕೈಕಾಲಲ್ಲಿ ಜೀವ ಇಲ್ಲ ಕಣ್ರೋ" ಅಂತಿದ್ರು. ನಾವು "ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತ್ಕೋ" ಅಂತಿದ್ವಿ. ಕೂತಷ್ಟೂ ಮಾಂಸಖಂಡ ಸೋಲುತ್ತೆ, ಸೋತಷ್ಟೂ ಎರಡು ಮೆಟ್ಟಿಲು ಹತ್ತೋದೂ ಕಷ್ಟ, ಕಷ್ಟ ಅಂತ ಮತ್ತೆ ಕೂರೋದು. ಕಂಟ್ರೋಲ್ ಸಿಸ್ಟಮ್ಸ್ ಮೇಷ್ಟ್ರು ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಹೆಸರಲ್ಲಿ ಮಾತ್ರ ಪಾಸಿಟಿವ್.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕರೆಸಿದ ತಜ್ಞರು 2010ರಲ್ಲೇ ಕ್ಯಾನ್ಸರ್ ರೋಗಿಗಳು ಚಟುವಟಿಕೆ ಇಲ್ಲದೆ ಇರಬಾರದು ಅಂತ ಹೇಳಿದ್ದಾರೆ. 2019ರಲ್ಲಿ ಲೆಕ್ಕವನ್ನೂ ಕೊಟ್ಟರು: ವಾರಕ್ಕೆ 3 ದಿನ, ದಿನಕ್ಕೆ 30 ನಿಮಿಷದಷ್ಟು, ಸ್ವಲ್ಪ ಉಸಿರು ಏರುವ ಹಾಗೆ ನಡಿಗೆಯಂಥ ವ್ಯಾಯಾಮ. ಜೊತೆಗೆ ವಾರಕ್ಕೆ ಎರಡು ಸಲ ತೂಕ ಎತ್ತುವ ವ್ಯಾಯಾಮ ಇದ್ದರೆ ಇನ್ನೂ ಒಳ್ಳೇದು. ಇಷ್ಟರಿಂದ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗಿ, ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ ಅಂದರು. ನಮ್ಮ ಅಮ್ಮನ ಫೈಲಿನಲ್ಲಿ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಪುಟಗಟ್ಟಲೆ ಇತ್ತು. ನಡಿಗೆ ಬಗ್ಗೆ ಒಂದು ಸಾಲೂ ಇರಲಿಲ್ಲ. ಡಾಕ್ಟರಿಗೆ ಗೊತ್ತಿಲ್ಲ ಅಂತಲ್ಲ, ಹೊರಗೆ ಅರವತ್ತು ಜನ ಕಾಯ್ತಿದ್ರು.

ಎಡಗೈಯದು ಇನ್ನೊಂದು ಕಥೆ. ಕಂಕುಳಿನ ದುಗ್ಧ ಗ್ರಂಥಿಗಳನ್ನು ತೆಗೆದಿದ್ದರಿಂದ ಕೈ ಊದುವ ಸಾಧ್ಯತೆ ಇದೆ, ಹುಷಾರು ಅಂದಿದ್ರು. ಅದು ಬೀದಿಯಲ್ಲಿ ಬೆಳೆದು, 'ಆ ಕೈಯಲ್ಲಿ ತರಕಾರಿ ಚೀಲವನ್ನೂ ಎತ್ತಬಾರದಂತೆ' ಅಂತಾಯ್ತು. ಅಮ್ಮ ಆ ಕೈಯನ್ನ ಸೆರಗಲ್ಲಿ ಸುತ್ತಿಕೊಂಡು, ಯಾರದೋ ಸಾಮಾನು ಜೋಪಾನ ಮಾಡೋ ಹಾಗೆ ಹಿಡ್ಕೊಂಡಿರ್ತಿದ್ರು. ಹೀಗೆ ಹೆದರಿದ್ದು ನಮ್ಮ ಬೀದಿಯವರು ಮಾತ್ರ ಅಲ್ಲ, ಬಹಳ ವರ್ಷ ಡಾಕ್ಟರುಗಳೂ ಹೀಗೇ ಹೇಳ್ತಿದ್ರು. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಅನ್ನೋ ಕ್ರೀಡಾ ವೈದ್ಯರು ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 24 ಹೆಂಗಸರನ್ನ ಡ್ರ್ಯಾಗನ್ ಬೋಟಿನಲ್ಲಿ ಕೂರಿಸಿ ಹುಟ್ಟು ಹಾಕಿಸಿದ್ರು. ಭುಜ, ತೋಳಿಗೆ ಅದಕ್ಕಿಂತ ಜೋರು ಕೆಲಸ ಇನ್ಯಾವುದಿದೆ? ಯಾರ ಕೈಯೂ ಹೊಸದಾಗಿ ಊದಲಿಲ್ಲ. ಇವತ್ತು ಇಂಥ ತಂಡಗಳು ಎಷ್ಟೋ ದೇಶಗಳಲ್ಲಿವೆ. 2009ರಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ತಂಡದವರು ಕೈ ಆಗಲೇ ಊದಿದ್ದ 141 ಹೆಂಗಸರ ಮೇಲೆ ಅಧ್ಯಯನ ಮಾಡಿದ್ರು. ಒಂದು ಗುಂಪಿಗೆ ವಾರಕ್ಕೆರಡು ಸಲ, ನಿಧಾನವಾಗಿ ಏರಿಸುತ್ತಾ ತೂಕ ಎತ್ತಿಸಿದ್ರು. ಊತ ಹೆಚ್ಚಲಿಲ್ಲ. ಬದಲಿಗೆ ಊತ ಉಲ್ಬಣಿಸೋದು ಆ ಗುಂಪಿನಲ್ಲೇ ಕಡಿಮೆ ಇತ್ತು. 'ನಿಧಾನವಾಗಿ' ಅನ್ನೋದನ್ನ ಮರೀಬೇಡಿ, ನಾಳೆಯೇ ಅಮ್ಮನ ಕೈಗೆ ಡಂಬೆಲ್ ಕೊಡೋದಲ್ಲ. ನಮ್ಮಮ್ಮ ಶುರು ಮಾಡಿದ್ದು ಫಿಸಿಯೋ ಹೇಳಿಕೊಟ್ಟ ಹಾಗೆ, ಗೋಡೆ ಮೇಲೆ ಬೆರಳುಗಳನ್ನ ಇರುವೆ ತರ ಹತ್ತಿಸೋದರಿಂದ. ಎಲ್ಲಿವರೆಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗೆರೆ. ಚಿಕ್ಕವರಿದ್ದಾಗ ನಮ್ಮ ಎತ್ತರ ಗುರುತು ಹಾಕಿದ ಗೋಡೆಯೇ ಅದು.

ಇನ್ನು ಕೂರೋದು. ವ್ಯಾಯಾಮ ಬೇರೆ, ಕೂರೋದು ಬೇರೆ ಅಂತ ನಮಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ನಡೆದು ಮಿಕ್ಕಿದ್ದೆಲ್ಲಾ ಕುರ್ಚಿಯಲ್ಲಿದ್ರೆ ಆ ಹತ್ತು ಗಂಟೆ ಲೆಕ್ಕಕ್ಕಿಲ್ಲ ಅಂತಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತು ಓಡಿಸೋ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ ತೋರಿಸಿದ್ದು ಈ ಯೋಚನೆಯ ಆರಂಭ. ಆದರೆ ಇಲ್ಲಿ ಒಂದು ತೊಡಕಿದೆ. ಹೆಚ್ಚು ಕೂರೋ ರೋಗಿಗಳಿಗೆ ಹೆಚ್ಚು ಸುಸ್ತು ಅಂದಾಗ, ಕೂತಿದ್ದಕ್ಕೆ ಸುಸ್ತೋ, ಸುಸ್ತಾಗಿದ್ದಕ್ಕೆ ಕೂತರೋ? ಎರಡೂ ಇರುತ್ತೆ. ಆದ್ರಿಂದ ಕೂತವರನ್ನ ಬೈಯೋದು ಅನ್ಯಾಯ.

ಈ ಬೈಗುಳದ ಬಗ್ಗೆ ನಮಗೆ ಸಿಟ್ಟಿದೆ. 'ದಿನಾ ವಾಕಿಂಗ್ ಮಾಡಿದ್ರೆ ಕ್ಯಾನ್ಸರ್ ವಾಪಸ್ ಬರಲ್ಲ' ಅಂತ ಫ್ಯಾಮಿಲಿ ಗ್ರೂಪಲ್ಲಿ ಫಾರ್ವರ್ಡ್ ಬಂತು. ಹಾಗೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ. 2025ರಲ್ಲಿ 889 ಜನರ ಮೇಲಿನ ದೊಡ್ಡ ಪ್ರಯೋಗವೊಂದು ವ್ಯಾಯಾಮದಿಂದ ಕಾಯಿಲೆ ಮರಳೋದು ಕಡಿಮೆಯಾಯ್ತು ಅಂತ ತೋರಿಸಿದ್ದು ನಿಜ, ಆದರೆ ಅದು ದೊಡ್ಡ ಕರುಳಿನ ಕ್ಯಾನ್ಸರ್. ಸ್ತನ ಕ್ಯಾನ್ಸರಿನಲ್ಲಿ ನಡೆದಾಡುವವರು ಹೆಚ್ಚು ಕಾಲ ಬದುಕಿದ್ದು ಕಂಡಿದೆ, ಅದೇ ಕಾರಣ ಅಂತ ಅಷ್ಟು ಖಡಾಖಂಡಿತ ಹೇಳೋಕಾಗಲ್ಲ. ನಾಳೆ ಯಾರಿಗಾದರೂ ಕಾಯಿಲೆ ಮತ್ತೆ ಬಂದ್ರೆ 'ಅವಳು ವಾಕಿಂಗ್ ಮಾಡ್ತಿರಲಿಲ್ಲ' ಅನ್ನೋ ಮಾತು ಬರಬಾರದು. ಇವತ್ತಿನ ಸುಸ್ತು, ಇವತ್ತಿನ ಮನಸ್ಸು ಹಗುರಾಗುತ್ತಲ್ಲ, ನಡೆಯೋಕೆ ಅಷ್ಟು ಕಾರಣ ಸಾಕು.

ಒಂದು ದಿನ ಅಮ್ಮನನ್ನ ಕೇಳಿದ್ವಿ, ಪಾರ್ಕಿಗೆ ಯಾಕೆ ಹೋಗಲ್ಲ ಅಂತ. "ಸುಸ್ತು ಅಂತ ಅಲ್ಲ. ಎಲ್ಲರೂ ಮೊದಲು ತಲೆ ನೋಡ್ತಾರೆ, ಆಮೇಲೆ ಎದೆ ನೋಡ್ತಾರೆ" ಅಂದ್ರು. ನಮಗೆ ಮಾತು ಹೊರಡಲಿಲ್ಲ. ಕೂದಲು ಬರೋವರೆಗೆ ಅವರು ಕತ್ತಲಾದ ಮೇಲೆ ಟೆರೇಸಿನಲ್ಲಿ, ಒಣಗಿದ ಬಟ್ಟೆಗಳ ಮಧ್ಯೆ ಸುತ್ತು ಹಾಕ್ತಿದ್ರು. ನಾವು ಪಾಳಿ ಮೇಲೆ ಜೊತೆಗೆ ಹೋಗ್ತಿದ್ವಿ. ಅವರಿಗೆ ಅಂತ ತಂದ ಫಿಟ್‌ನೆಸ್ ಬ್ಯಾಂಡನ್ನ ಒಂದು ವಾರ ನಾವೇ ಕಟ್ಕೊಂಡು ನೋಡಿದ್ವಿ: ಕ್ಲಾಸು, ಲ್ಯಾಬ್ ರೆಕಾರ್ಡು, ಲ್ಯಾಪ್‌ಟಾಪು. ನಮ್ಮ ಹೆಜ್ಜೆ ಅಮ್ಮನಿಗಿಂತ ಕಡಿಮೆ. ಸಂಕ್ರಾಂತಿ ಹಿಂದಿನ ದಿನ ಅಮ್ಮ ಚಾಕು ತಗೊಂಡು ಆ ಪ್ಲಾಸ್ಟಿಕ್ ಸ್ಟಿಕ್ಕರ್ ಕೆರೆದು ಹಾಕಿದ್ರು. ಯಾರನ್ನೂ ಕೇಳಲಿಲ್ಲ.

ಈಗ ನಮ್ಮ ಕಾಲೇಜಿನ ವಿಷಯ. ಗ್ರೌಂಡ್ ಸುತ್ತ ಒಳ್ಳೇ ಟ್ರ್ಯಾಕ್ ಇದೆ, ನಾಯಿ ಕಾಟ ಇಲ್ಲ, ಗಾಡಿಗಳಿಲ್ಲ, ಹತ್ತಿರದಲ್ಲೇ ಲೇಡೀಸ್ ಟಾಯ್ಲೆಟ್ ಇದೆ. ಬೆಳಿಗ್ಗೆ ಎಂಟೂವರೆವರೆಗೆ ಗೇಟಿಗೆ ಬೀಗ. ಪಕ್ಕದ ಬಡಾವಣೆ ಹೆಂಗಸರಿಗೆ ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಬಿಡಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದೀವಿ. ಕಾಯಿಲೆ ಇರಲಿ, ಇಲ್ಲದಿರಲಿ, ಯಾರೂ ಕಾರಣ ಕೇಳಬಾರದು. ಸೆಕ್ಯುರಿಟಿ ಪ್ರಶ್ನೆ ಬರುತ್ತೆ, ಗೊತ್ತು. ಗೇಟಲ್ಲಿ ರಿಜಿಸ್ಟರ್ ಇಡೋಕೆ ನಾವೇ ಪಾಳಿ ಮೇಲೆ ಬರ್ತೀವಿ ಅಂತಲೂ ಬರೆದಿದ್ದೀವಿ. ಪತ್ರ ಕ್ಲಬ್ ರೂಮಿನ ಮೇಜಿನ ಮೇಲಿದೆ. ಇಲ್ಲಿವರೆಗೆ 43 ಸಹಿ ಆಗಿದೆ. ಶುಕ್ರವಾರ ಕೊಡ್ತೀವಿ.