ಕೆಂಪು ಬೆಂಟ್ಲಿಯ ಒಡೆಯರು

2012ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ನಡೆದ ಹರಾಜಿನಲ್ಲಿ ಹಳೆಯ ಕಾರೊಂದು 50 ಲಕ್ಷ 42 ಸಾವಿರ ಪೌಂಡುಗಳಿಗೆ ಮಾರಾಟವಾಯಿತು. ಮೈಯೆಲ್ಲ ಕೆಂಪು, ಒಬ್ಬನೇ ಕೂರುವಷ್ಟು ಸ್ಥಳ. ಮನೆಯಾಕೆಯನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರಲೂ ಒದಗದ ವಾಹನ! ಅಂದಿನವರೆಗೆ ಯಾವ ಬೆಂಟ್ಲಿ ಕಾರಿಗೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ವಿಚಿತ್ರವೆಂದರೆ, ಅದು ಯಾರ ಹೆಸರನ್ನು ಹೊತ್ತಿತ್ತೋ ಆ ಬೆಂಟ್ಲಿಗೇ ಅದು ಬೇಡದ ಕೂಸಾಗಿತ್ತು.

ಅದನ್ನು ಹಟ ಹಿಡಿದು ಹುಟ್ಟಿಸಿದವನು ಸರ್ ಹೆನ್ರಿ ಬಿರ್ಕಿನ್. ನಾಟಿಂಗ್‌ಹ್ಯಾಮಿನಲ್ಲಿ ಲೇಸ್ ತಯಾರಿಸಿ ಸಿರಿವಂತರಾದ ಮನೆತನದವನು; ಮೊದಲ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದವನು. ಮಾತಿನಲ್ಲಿ ಉಗ್ಗು, ಚಕ್ರ ಹಿಡಿದರೆ ಮಾತ್ರ ತಡೆಯೆಂಬುದೇ ಇಲ್ಲ. ಕೊರಳಿನಲ್ಲಿ ಯಾವಾಗಲೂ ಚುಕ್ಕಿಗಳ ನೀಲಿ ವಸ್ತ್ರ. ನಾಲ್ಕೂವರೆ ಲೀಟರಿನ ಬೆಂಟ್ಲಿ ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸಬೇಕೆಂಬುದು ಆತನ ಹಂಬಲ.

ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಗೆ. ಅದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಉರಿದಷ್ಟೂ ಹೆಚ್ಚು ಶಕ್ತಿ. ಆಂಹರ್ಸ್ಟ್ ವಿಲಿಯರ್ಸ್ ರಚಿಸಿದ ಈ ತಿದಿ ಕಾರಿನ ಮೂತಿಯಲ್ಲಿಯೇ ಎದ್ದು ಕಾಣುವಂತೆ ಕುಳಿತಿತು. ಸುಮಾರು 110 ಅಶ್ವಶಕ್ತಿಯ ಎಂಜಿನ್, ಪಂದ್ಯದ ಕಾರಿನಲ್ಲಿ 240ರಷ್ಟಕ್ಕೆ ಏರಿತು. ಡಬ್ಲ್ಯೂ. ಓ. ಬೆಂಟ್ಲಿಗೆ ಇದು ಸರಿಬೀಳಲಿಲ್ಲ. ವೇಗ ಬೇಕಾದರೆ ಎಂಜಿನ್ನನ್ನು ದೊಡ್ಡದು ಮಾಡಬೇಕೇ ಹೊರತು ಇದ್ದುದನ್ನು ಹಿಂಸಿಸಬಾರದೆಂಬುದು ಆತನ ನಿಲುವು. ಆದರೆ ಕಂಪನಿಯ ಹಣದ ಚೀಲ ವೂಲ್ಫ್ ಬಾರ್ನಾಟೋನ ಕೈಯಲ್ಲಿತ್ತು. ಆತ ಬಿರ್ಕಿನ್ನನಿಗೆ ಒಪ್ಪಿಗೆಯಿತ್ತ. ಬಿರ್ಕಿನ್ನನ ಸ್ವಂತ ಹಣ ಕರಗಿದಾಗ ನೆರವಾದವಳು ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತೆ. ಮುಂದೆ ಗೋಲ್ಡನ್ ಮಿಲ್ಲರ್ ಎಂಬ ಪ್ರಖ್ಯಾತ ಕುದುರೆಯ ಒಡತಿಯಾಗಿ ಹೆಸರಾದವಳು ಈಕೆಯೇ.

1930ರ ಲೆ ಮಾನ್ ಪಂದ್ಯದಲ್ಲಿ ಬಿರ್ಕಿನ್ ಈ ಜಾತಿಯ ಮತ್ತೊಂದು ಕಾರಿನಲ್ಲಿ ಜರ್ಮನಿಯ ಮರ್ಸಿಡಿಸನ್ನು ಬೆನ್ನಟ್ಟಿ, ಹುಲ್ಲಿನ ಮೇಲೆ ಚಕ್ರವಿಳಿಸಿ ಹಿಂದಿಕ್ಕಿದ. ಆದರೆ ತಿದಿ ಕಟ್ಟಿಕೊಂಡ ಬೆಂಟ್ಲಿಗಳೆರಡೂ ಕೊನೆ ಮುಟ್ಟದೆ ನಿಂತವು. ಗೆದ್ದದ್ದು ತಿದಿಯಿಲ್ಲದ, ಆರೂವರೆ ಲೀಟರಿನ ಬೆಂಟ್ಲಿ! ಡಬ್ಲ್ಯೂ. ಓ.ನ ವಾದವನ್ನು ಆತನ ಕಾರೇ ಗೆಲ್ಲಿಸಿತು. ಅದೇ ವರ್ಷ ಪ್ಯಾಜೆಟ್ ತಂಡದಿಂದ ಕೈತೆಗೆದಳು. ಒಂಟಿ ಆಸನದ ಕಾರನ್ನು ಮಾತ್ರ ಬಿಡಲಿಲ್ಲ.

ಆ ಕಾರಿಗೆ ಬ್ರೂಕ್‌ಲ್ಯಾಂಡ್ಸೇ ಮನೆ. ಲಂಡನ್ನಿಗೆ ಸಮೀಪದಲ್ಲಿದ್ದ ಆ ಕಾಂಕ್ರೀಟಿನ ಪಥ 1907ರಷ್ಟು ಹಳೆಯದು, ಅಲ್ಲಲ್ಲಿ ಉಬ್ಬುತಗ್ಗು. ಓಟದಲ್ಲಿ ಕಾರಿನ ನಾಲ್ಕು ಗಾಲಿಗಳೂ ನೆಲ ಬಿಟ್ಟು ಏಳುತ್ತಿದ್ದವು. 1932ರ ಮಾರ್ಚ್ 24ರಂದು ಬಿರ್ಕಿನ್ ಅಲ್ಲಿ ಗಂಟೆಗೆ 137.96 ಮೈಲಿ ವೇಗದಲ್ಲಿ ಒಂದು ಸುತ್ತು ಹಾಕಿದ. ಅದು ಆ ಪಥದ ದಾಖಲೆಯಾಯಿತು. ಮರುವರ್ಷ ಟ್ರಿಪೋಲಿಯ ಪಂದ್ಯದಲ್ಲಿ ಬಿಸಿ ಕೊಳವೆಗೆ ತೋಳು ತಾಗಿ ಸುಟ್ಟಿತು. ಗಾಯವನ್ನು ಆತ ಲೆಕ್ಕಿಸಲಿಲ್ಲ. ಜೂನ್ ತಿಂಗಳಿನಲ್ಲಿ ತೀರಿಕೊಂಡಾಗ ಆತನಿಗೆ 36 ವರ್ಷ.

ಪ್ಯಾಜೆಟ್ ಕಾರನ್ನು 1939ರವರೆಗೂ ಇಟ್ಟುಕೊಂಡಿದ್ದಳು. ಕೊಂಡವನು ಅದಕ್ಕೆ ಇಬ್ಬರು ಕೂರುವ ಹೊಸ ಮೈ ತೊಡಿಸಿ ರಸ್ತೆಗಿಳಿಸಲು ಸಜ್ಜುಮಾಡಿಸಿದ. ಕುಸ್ತಿಪಟುವಿಗೆ ಕೋಟು ತೊಡಿಸಿ ಕಚೇರಿಗೆ ಕಳುಹಿದಂತೆ.

ಕೊನೆಗೆ ಅದು ಸೇರಿದ್ದು ಯಾವ ಪಂದ್ಯಗಾರನ ಕೈಗೂ ಅಲ್ಲ, ಗಡಿಯಾರದವನೊಬ್ಬನ ಕೈಗೆ. ಜಾರ್ಜ್ ಡೇನಿಯಲ್ಸ್ ಬಡತನದಲ್ಲಿ ಬೆಳೆದು, 14ರ ವಯಸ್ಸಿಗೆ ಹಾಸಿಗೆ ಕಾರ್ಖಾನೆ ಸೇರಿದವನು. ಗಡಿಯಾರವೊಂದರ ಚಕ್ರಗಳನ್ನೂ ಮುಳ್ಳುಗಳನ್ನೂ ಕವಚವನ್ನೂ ತಾನೇ ಕೊರೆದು ಕಟ್ಟುವ ಅಪೂರ್ವ ಕುಶಲಿ. ಆತ ಕಂಡುಹಿಡಿದ ತಂತ್ರವೊಂದನ್ನು ಒಮೆಗಾ ಕಂಪನಿ 1999ರಲ್ಲಿ ತನ್ನ ಗಡಿಯಾರಗಳಲ್ಲಿ ಅಳವಡಿಸಿಕೊಂಡಿತು. ಆತನ ಒಡೆತನದಲ್ಲಿ ಕಾರು ತನ್ನ ಒಂಟಿ ಆಸನದ ರೂಪಕ್ಕೆ ಮರಳಿತು. ಕೂದಲೆಳೆಯ ಅಂತರವನ್ನೂ ಅಳೆದು ನೋಡುವ ಮನುಷ್ಯ, ಗುಡುಗುವ ಈ ದೈತ್ಯನನ್ನು ಅಷ್ಟೊಂದು ಮೆಚ್ಚಿದ್ದೇ ಸೋಜಿಗ.

2011ರ ಅಕ್ಟೋಬರಿನಲ್ಲಿ ಡೇನಿಯಲ್ಸ್ ನಿಧನನಾದ. ಕೆಂಪು ಬೆಂಟ್ಲಿ ಹರಾಜಿಗೆ ಬಂದದ್ದು ಹೀಗೆ. ಬಂದ ಹಣ ಆತನ ಹೆಸರಿನ ಶಿಕ್ಷಣ ನಿಧಿಗೆ ಸಂದಿತು. ಗಡಿಯಾರ ಕಟ್ಟುವ ವಿದ್ಯೆ ಕಲಿಯುವವರಿಗೂ ಅದರಲ್ಲಿ ಪಾಲುಂಟು.