ಸಲಾಂ ಹೇಳದೆ ಬಂದ ಕ್ಯಾಮೆರಾ

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಆರೂವರೆ ಗಂಟೆಗೆ ನಾವು ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತಿದ್ದೆವು. ಸುಮಾರು ಇಪ್ಪತ್ತು ಜನರ ತಂಡ; ಕ್ಯಾಮೆರಾಗಳು ಅದಕ್ಕಿಂತಲೂ ಹೆಚ್ಚು. ಬಂದರಿನ ಹಳೆಯ ಬೀದಿಗಳಲ್ಲಿ ಎರಡು ಗಂಟೆ ನಡೆದು ಚಿತ್ರ ತೆಗೆಯುವ ಕಾರ್ಯಕ್ರಮ ಅದು. ಸಂಘಟಕರು ಸಜ್ಜನರು. ಕತೆ ಬರೆಯುವ ಮುಸಲ್ಮಾನರೊಬ್ಬರು ಜೊತೆಗಿದ್ದರೆ ಮೊಹಲ್ಲಾದೊಳಗೆ ಓಡಾಡಲು ಅನುಕೂಲವಾದೀತೆಂದು ನಮ್ಮನ್ನು ಕರೆದಿದ್ದರು. ನಾವೂ ಸಂತೋಷದಿಂದಲೇ ಹೋದೆವು.

ಹೊರಡುವ ಮುನ್ನ ತಂಡದ ಮುಂದಾಳು ಮೂರು ಸೂಚನೆ ಕೊಟ್ಟರು. ಬ್ಯಾಟರಿ ನೋಡಿಕೊಳ್ಳಿ. ಎಂಟು ಗಂಟೆಯ ನಂತರ ಬೆಳಕು ಕೆಡುತ್ತದೆ, ಬೇಗ ಮುಗಿಸಿ. ಮೂರನೆಯದು: ಜನ ನಿಮ್ಮನ್ನು ಗಮನಿಸುವ ಮೊದಲೇ ಕ್ಲಿಕ್ ಮಾಡಿ, ಗಮನಿಸಿದರೆ ಸಹಜತೆ ಹೋಗಿಬಿಡುತ್ತದೆ. ಎಲ್ಲರೂ ತಲೆಯಾಡಿಸಿದರು. ನಾವೂ ಆಡಿಸಿದೆವು. ಈ ಮೂರನೆಯ ಸೂಚನೆಯ ವಿರುದ್ಧವೇ ಈ ಲೇಖನ.

ಗೋದಾಮೊಂದರ ಮೆಟ್ಟಿಲ ಮೇಲೆ ಒಬ್ಬ ಮುದಿ ಹಮಾಲಿ ಕುಳಿತು ಚಹಾ ಕುಡಿಯುತ್ತಿದ್ದರು. ಮೈಮೇಲೆ ಅಂಗಿಯಿಲ್ಲ, ಹೆಗಲಿಗೊಂದು ಬೈರಾಸು. ಓರೆಯಾಗಿ ಬಿದ್ದ ಬಿಸಿಲು, ಹಿಂದೆ ಸುಣ್ಣ ಉದುರಿದ ಗೋಡೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಏಳು ಕ್ಯಾಮೆರಾಗಳು ಅವರ ಮುಂದೆ ಮಂಡಿಯೂರಿದ್ದವು. ನಮ್ಮ ಮೊಬೈಲನ್ನೂ ಸೇರಿಸಿದರೆ ಎಂಟು. ಅವರು ಬೈರಾಸಿನಿಂದ ಎದೆ ಮುಚ್ಚಿಕೊಂಡು ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಮುಂದಾಳು ನಮ್ಮತ್ತ ತಿರುಗಿ "ಏನಂತೆ ಸಾರ್?" ಎಂದರು. ನಮ್ಮ ಮನೆಮಾತು ಉರ್ದು, ಕಲಿತದ್ದು ಉರ್ದು ಮತ್ತು ಕನ್ನಡ. ಬ್ಯಾರಿ ನಮಗೆ ಬಾರದು. ಮುಸಲ್ಮಾನರೆಲ್ಲರಿಗೂ ಒಂದೇ ಭಾಷೆ ಇರುತ್ತದೆಂದು ಅವರು ತಿಳಿದಿದ್ದರು. ಕೊನೆಗೆ ಚಹಾದಂಗಡಿಯ ಹುಡುಗ ಕನ್ನಡದಲ್ಲಿ ಹೇಳಿದ: "ಗೋದಾಮು ಒಡೀಲಿಕ್ಕೆ ಉಂಟಾ ಅಂತ ಕೇಳ್ತಿದ್ದಾರೆ."

ಯಾರೂ ಉತ್ತರಿಸಲಿಲ್ಲ. "ಇಲ್ಲಜ್ಜ, ಸುಮ್ಮನೆ, ಹಾಬಿ" ಎಂದು ಯಾರೋ ನಕ್ಕರು. ತಂಡ ಮುಂದೆ ಹೋಯಿತು.

ಆ ಪ್ರಶ್ನೆ ನಮ್ಮ ಜೊತೆ ಮನೆಗೆ ಬಂತು. ಕ್ಯಾಮೆರಾ ಕಂಡೊಡನೆ ಆ ಮನುಷ್ಯನಿಗೆ ಕಲೆ ನೆನಪಾಗಲಿಲ್ಲ, ಪರಂಪರೆ ನೆನಪಾಗಲಿಲ್ಲ, ಒಡೆಯುವವರು ನೆನಪಾದರು. ಬಡವರ ಬೀದಿಗೆ ಕ್ಯಾಮೆರಾ ಬರುವುದು ಸಾಮಾನ್ಯವಾಗಿ ಮೂರು ಕಾರಣಗಳಿಗೆ: ಅಳತೆ ಮಾಡಲು, ಆರೋಪಿ ಹುಡುಕಲು, ಗಲಾಟೆಯ ಸುದ್ದಿ ತೋರಿಸಲು. ನಾಲ್ಕನೆಯ ಕಾರಣವೊಂದಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ, ನಾವು ಬಾಯಿಬಿಟ್ಟು ಹೇಳದೇ ಇದ್ದಾಗ?

ಅಲ್ಲಿಂದ ಝೀನತ್ ಬಕ್ಷ್ ಮಸೀದಿಗೆ ಹೋದೆವು. ಇಸ್ಲಾಮಿನ ಮೊದಲ ಶತಮಾನದಲ್ಲೇ ಮಾಲಿಕ್ ದೀನಾರರ ಸಂಗಡಿಗರು ಕಟ್ಟಿದರೆಂದು ಸಮುದಾಯ ನಂಬಿಕೊಂಡು ಬಂದಿರುವ, ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣಗೊಂಡ ಮಸೀದಿ ಅದು. ಒಳಗಿನ ಮರದ ಕೆತ್ತನೆ ನೋಡುವಂಥದ್ದು. ಇಲ್ಲಿ ನಮ್ಮ ತಂಡದ ವರ್ತನೆ ಮಾದರಿಯಾಗಿತ್ತು. ಚಪ್ಪಲಿ ಕಳಚಿದರು, ತಲೆಗೆ ಕರವಸ್ತ್ರ ಕಟ್ಟಿದರು, ಜವಾಬ್ದಾರರನ್ನು ಕಂಡು ವಿನಯದಿಂದ ಅನುಮತಿ ಕೇಳಿದರು. ಹೊರಬಂದ ಐದೇ ನಿಮಿಷಕ್ಕೆ ಓಣಿಯೊಂದರಲ್ಲಿ, ಕಿಟಕಿಯಿಂದ ಬಗ್ಗಿ ನೋಡಿದ ಹೆಂಗಸೊಬ್ಬರ ಮೇಲೆ ಉದ್ದನೆಯ ಲೆನ್ಸು ತಿರುಗಿತು. ಆಕೆ ಪರದೆ ಎಳೆದುಕೊಂಡರು. "ಛೇ, ಒಳ್ಳೆಯ ಫ್ರೇಮ್ ಹೋಯಿತು" ಎಂಬ ಮಾತು ಕೇಳಿಸಿತು. ಮರದ ಕಂಬಗಳ ಚಿತ್ರಕ್ಕೆ ಅನುಮತಿ ಬೇಕು, ಮನುಷ್ಯರ ಚಿತ್ರಕ್ಕೆ ಬೇಡ. ಇದೆಂಥ ನ್ಯಾಯ?

ಕೆಲವು ವಾರಗಳ ನಂತರ ಚಿತ್ರಗಳ ಪ್ರದರ್ಶನವಾಯಿತು. ನಮ್ಮ ಹಮಾಲಿ ದೊಡ್ಡದಾಗಿ ಗೋಡೆಯ ಮೇಲಿದ್ದರು. ಕೆಳಗೆ ಚಿತ್ರ ತೆಗೆದವರ ಹೆಸರಿತ್ತು, ಕ್ಯಾಮೆರಾದ ಹೆಸರಿತ್ತು, ಲೆನ್ಸಿನ ಅಳತೆಯೂ ಇತ್ತು. ಹಮಾಲಿಯ ಹೆಸರಿರಲಿಲ್ಲ. ಶೀರ್ಷಿಕೆ: 'ಕಾಲ ನಿಂತ ಊರು'.

ಕಾಲ ಎಲ್ಲಿ ನಿಂತಿದೆ? ನಾವು ಹೋದ ದಿನವೂ ದಕ್ಕೆಯಲ್ಲಿ ಟ್ರಾಲ್ ಬೋಟುಗಳಿಂದ ಮೀನು ಇಳಿಯುತ್ತಿತ್ತು. ಲಕ್ಷದ್ವೀಪದ ಜನ ತಿನ್ನುವ ತರಕಾರಿ, ಮನೆ ಕಟ್ಟುವ ಕಲ್ಲು, ಮರಳು ಇವತ್ತಿಗೂ ಈ ಹಳೆ ಬಂದರಿನಿಂದಲೇ ಮಂಜಿ ಹತ್ತುತ್ತವೆ. ನದಿಯ ಆಚೆ ದಡದ ಬೆಂಗ್ರೆಯಿಂದ ದೋಣಿ ಹತ್ತಿ ಜನ ಕೆಲಸಕ್ಕೆ, ಮಕ್ಕಳು ಓದಿಗೆ ಬರುತ್ತಾರೆ. ಗೋಡೆಯ ಸುಣ್ಣ ಉದುರಿದ್ದಕ್ಕೆ ಕಾರಣ ಕಾಲವಲ್ಲ, ಲೆಕ್ಕಾಚಾರ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತದೆ. ದೊಡ್ಡ ಹಡಗು ಒಳಗೆ ಬಾರದು. ಅವು ದೂರದ ನೀರಿನಲ್ಲೇ ಲಂಗರು ಹಾಕುತ್ತಿದ್ದವು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಆ ಸಾಗಾಟದಲ್ಲೇ ಸಾವಿರಾರು ತೋಳುಗಳಿಗೆ ಕೆಲಸವಿತ್ತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರೆಂದು ಘೋಷಣೆಯಾಯಿತು. ದೊಡ್ಡ ವ್ಯಾಪಾರ ಅತ್ತ ಹೋಯಿತು. ಇಲ್ಲಿನ ಗೋದಾಮುಗಳು ಅರ್ಧ ಖಾಲಿಯಾದವು, ಇಲ್ಲಿನ ಮಕ್ಕಳು ಗಲ್ಫಿಗೆ ಹೋದರು. ಕ್ಯಾಮೆರಾ ಮೋಹಿಸಿದ ಆ ಗೋಡೆಯ ಬಣ್ಣ ಕೆಲಸ ಕಳೆದುಕೊಂಡ ಒಂದು ಪೇಟೆಯ ಬಣ್ಣ. ಅದನ್ನು 'ಕಾಲ ನಿಂತ ಊರು' ಎಂದು ಕರೆದರೆ ಕಾರಣ ಕೇಳುವ ಕಷ್ಟ ತಪ್ಪುತ್ತದೆ.

ಹೆಸರಿನ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ಸುಮಾರು 17 ವರ್ಷ ಬಾಳಿದ. ಅವನಿಗೆ ಬಂದ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರಲ್ಲಿ ಉಳಿದವು. ಅದರಲ್ಲಿ ಅವನ ಗುಲಾಮನೊಬ್ಬನ ಪ್ರಸ್ತಾಪವಿದೆ. ವ್ಯಾಪಾರಕ್ಕೆಂದು ಏಡನ್‌ವರೆಗೆ ಹೋಗಿಬಂದ ಆ ಗುಲಾಮನಿಗೂ ಪತ್ರ ಬರೆದ ವ್ಯಾಪಾರಿ ಸಲಾಂ ತಿಳಿಸುತ್ತಾನೆ. ಆ ಗುಲಾಮನ ಹೆಸರು ಬೊಮ್ಮ ಎಂದು ಅಮಿತಾವ್ ಘೋಷ್ ಹುಡುಕಿ ತೆಗೆದರು; 1992ರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಕೃತಿ ಹುಟ್ಟಿದ್ದೇ ಆ ಹುಡುಕಾಟದಿಂದ. ಎಂಟು ಶತಮಾನಗಳಿಗೂ ಹಿಂದಿನ ಒಬ್ಬ ಗುಲಾಮನ ಹೆಸರು ನಮಗೆ ಗೊತ್ತು. ಎಂಟು ಕ್ಯಾಮೆರಾಗಳು ಕಂಡ ಒಬ್ಬ ಸ್ವತಂತ್ರ ಭಾರತೀಯನ ಹೆಸರು ಗೊತ್ತಿಲ್ಲ!

ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದ. ಅವನೂ ನಮ್ಮ ಹಾಗೆ ಹಾದುಹೋಗುವ ಪ್ರವಾಸಿ. ಆದರೂ ಇಲ್ಲಿ ಸುಮಾರು 4,000 ಮುಸಲ್ಮಾನರಿದ್ದಾರೆ, ಪರ್ಷಿಯಾ ಮತ್ತು ಯೆಮನಿನ ವ್ಯಾಪಾರಿಗಳು ಬಂದಿಳಿಯುತ್ತಾರೆ, ಮೆಣಸು ಶುಂಠಿ ಹೇರಳ, ಇಲ್ಲಿನ ಖಾಜಿಯ ಹೆಸರು ಬದ್ರುದ್ದೀನ್ ಎಂದು ದಾಖಲಿಸಿದ. ಮಾತಾಡಿಸದೆ ಇಷ್ಟು ತಿಳಿಯುವುದಿಲ್ಲ.

ಜನರನ್ನು ಹೆಸರಿಲ್ಲದ ಮಾದರಿಗಳಾಗಿ ನೋಡುವ ಅಭ್ಯಾಸ ಹೊಸದಲ್ಲ. 1857ರ ದಂಗೆಯ ನಂತರ, ಆಳಬೇಕಾದ ಜನರನ್ನು ಗುರುತಿಸಿಕೊಳ್ಳಲು ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಛಾಯಾಚಿತ್ರ ಸಂಪುಟಗಳನ್ನು ತಂದರು. 1868ರಿಂದ 1875ರವರೆಗೆ ಎಂಟು ಸಂಪುಟ. ಅಲ್ಲಿ ಮನುಷ್ಯ ಎಂದರೆ ಬಹುಪಾಲು ಅವನ ಜಾತಿ, ಅವನ ಪಂಗಡ. ನಮ್ಮ ತಂಡದ ಯುವಕರಿಗೆ ಅಂಥ ದುರುದ್ದೇಶವಿಲ್ಲ, ಬಲ್ಲೆವು. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಅಭ್ಯಾಸ ಒಳ್ಳೆಯದಾಗುವುದಿಲ್ಲ.

ಚಿತ್ರಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರು 2019ರ ಡಿಸೆಂಬರ್ 19ನ್ನು ನೆನೆಯಬೇಕು. ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿಸಿ ಪ್ರತಿಭಟನೆ ನಡೆದ ಆ ದಿನ ಇದೇ ಬಂದರು ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಗುಂಪು ಠಾಣೆಗೆ ನುಗ್ಗಲು ಬಂದಿತ್ತು ಎಂದರು ಪೊಲೀಸರು. ಮುಂದೆ ಆರೋಪಿಗಳ ಜಾಮೀನು ಅರ್ಜಿ ಹೈಕೋರ್ಟಿಗೆ ಬಂದಾಗ ಎರಡೂ ಕಡೆಯವರು ಛಾಯಾಚಿತ್ರಗಳನ್ನು ಮುಂದಿಟ್ಟರು. 2020ರ ಫೆಬ್ರವರಿಯಲ್ಲಿ ಜಾಮೀನು ನೀಡುತ್ತ ನ್ಯಾಯಾಲಯ, ಸರಕಾರ ಕೊಟ್ಟ ಚಿತ್ರದಲ್ಲಿ ಬಾಟಲಿ ಹಿಡಿದ ಒಬ್ಬನ ಹೊರತು ಯಾರ ಕೈಯಲ್ಲೂ ಆಯುಧ ಕಾಣುವುದಿಲ್ಲ, ಅರ್ಜಿದಾರರು ಕೊಟ್ಟ ಚಿತ್ರಗಳಲ್ಲಿ ಪೊಲೀಸರೇ ಕಲ್ಲು ತೂರುತ್ತಿರುವುದು ಕಾಣುತ್ತದೆ ಎಂಬರ್ಥದ ಮಾತು ಹೇಳಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಅದೇ ಜಾಮೀನು ನೀಡಿತು.

ಬಂದರಿನ ಮನುಷ್ಯನ ಮುಖ ಯಾವ ಚಿತ್ರದಲ್ಲಿ, ಯಾರ ಕೈಯಲ್ಲಿದೆ ಎಂಬುದರ ಮೇಲೆ ಅವನ ಸ್ವಾತಂತ್ರ್ಯವೇ ನಿಲ್ಲಬಹುದು. ಅಂಥ ಬೀದಿಯಲ್ಲಿ 'ಗಮನಿಸುವ ಮೊದಲೇ ಕ್ಲಿಕ್ ಮಾಡಿ' ಎನ್ನುವುದು ಬರೀ ಅಸಭ್ಯತೆಯಲ್ಲ, ಕ್ರೌರ್ಯ. ಹಾಗೆಯೇ ಕ್ಯಾಮೆರಾ ನಮ್ಮ ಶತ್ರುವಲ್ಲ ಎಂಬುದನ್ನೂ ಆ ಪ್ರಕರಣ ಕಲಿಸಿತು. ಎರಡನೆಯ ಕಡೆಯ ಚಿತ್ರಗಳು ಇಲ್ಲದಿದ್ದರೆ ಮೊದಲನೆಯ ಕಡೆಯದೊಂದೇ ಸತ್ಯವಾಗಿ ಉಳಿಯುತ್ತಿತ್ತು.

ಆದ್ದರಿಂದ ನಮ್ಮವರಿಗೂ ಒಂದೆರಡು ಮಾತು. ಬಂದರಿನ ಚಿತ್ರಗಳನ್ನು ಹೊರಗಿನವರು ಬಂದು ತೆಗೆಯಬೇಕಾದದ್ದೇಕೆ? ತಸ್ವೀರು ನಿಷಿದ್ಧವೋ ಅಲ್ಲವೋ ಎಂದು ನಾವು ದಶಕಗಳ ಕಾಲ ವಾದಿಸಿದೆವು. ಆದರೆ ಫೋಟೋ ಅಂಟಿಸದೆ ಹಜ್ಜಿನ ಅರ್ಜಿಯನ್ನೂ ಹಾಕಲಿಲ್ಲ, ಗಲ್ಫಿನ ವಿಮಾನವನ್ನೂ ಹತ್ತಲಿಲ್ಲ. ಹೆಂಚು ಹೊದೆಸಿದ ಮರದ ಮಸೀದಿಗಳನ್ನು ಕರಾವಳಿಯುದ್ದಕ್ಕೂ ಕೆಡವಿ ಕಾಂಕ್ರೀಟು ಗುಮ್ಮಟ ಏರಿಸಿದವರು ಯಾರು? ಅಜ್ಜ ಮಾಡಿಸಿದ ಕೆತ್ತನೆಯ ಬಾಗಿಲನ್ನು ಹಳೆಮರದ ವ್ಯಾಪಾರಿಗೆ ತೂಕಕ್ಕೆ ಹಾಕಿದವರು ಯಾರು? ಎಷ್ಟು ಮನೆಗಳಲ್ಲಿ ಅಜ್ಜಿಯ ಒಂದು ಚಿತ್ರವಿದೆ, ಎಷ್ಟು ಜಮಾಅತುಗಳಲ್ಲಿ ಹಳೆ ಮಸೀದಿಯ ಒಂದು ಚಿತ್ರವಿದೆ? ನಮ್ಮ ಬೀದಿಯನ್ನು ನಾವೇ ನೋಡದೆ, ನೋಡಿದವರ ಮೇಲೆ ಮಾತ್ರ ಸಿಟ್ಟಾದರೆ ಅದು ಅರ್ಧ ಪ್ರಾಮಾಣಿಕತೆ.

ಕತೆಗಾರರು ಕೇಳಿ ಬರೆಯುತ್ತಾರೆಯೇ ಎಂಬ ಪ್ರಶ್ನೆಯನ್ನೂ ನಾವು ತಪ್ಪಿಸಿಕೊಳ್ಳುವುದಿಲ್ಲ. ನಾವೂ ಕದ್ದವರೇ. ಆದರೆ ಸಾರಾ ಅಬೂಬಕರ್ 1981ರಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದಾಗ, ಬಾನು ಮುಷ್ತಾಕರ ಕತೆಗಳು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ವೇದಿಕೆಗೆ ಹೋದಾಗ, ಅಲ್ಲಿನ ಹೆಣ್ಣಿಗೆ ಒಂದು ಹೆಸರಿತ್ತು, ಸಿಟ್ಟಿತ್ತು, ಮಾತಿತ್ತು. ನಮ್ಮ ಪ್ರದರ್ಶನದಲ್ಲಿ ಆಕೆ ನೀಲಿ ಗೋಡೆಯ ಮುಂದಿನ ಒಂದು ಕಪ್ಪು ಆಕೃತಿ ಮಾತ್ರ.

ಸಾರ್ವಜನಿಕ ಬೀದಿ, ಕಾನೂನಿನ ತಡೆಯಿಲ್ಲ ಎನ್ನುವವರಿದ್ದಾರೆ. ಕಾನೂನು ತಡೆಯದ್ದೆಲ್ಲ ಸಭ್ಯವೆಂದಾದರೆ ಅದಬು ಎಂಬ ಶಬ್ದವೇ ಬೇಡವಾಗುತ್ತಿತ್ತು. ಅನ್ಯರ ಮನೆಗೆ ಸಲಾಂ ಹೇಳಿ ಅನುಮತಿ ಪಡೆಯದೆ ಹೋಗಬೇಡಿ, ಮರಳಿ ಹೋಗಿ ಎಂದರೆ ಮರಳಿ ಎಂಬುದು ಸೂರಃ ಅನ್ನೂರ್ ಕಲಿಸುವ ಪಾಠ. ಕಿಟಕಿಯ ಮೂಲಕ ಹೋದ ಲೆನ್ಸು ಮನೆಯೊಳಗೆ ಹೋದಂತೆಯೇ. ಕೇಳಿದರೆ ಸಹಜತೆ ಹೋಗುತ್ತದೆ ಎಂಬ ವಾದವೂ ನಿಲ್ಲದು. ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ಸಾಮಾನ್ಯ ಜನರ ಚಿತ್ರ ತೆಗೆದರು. 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳ ಜನ ಬೇಟೆಯಾದವರಂತೆ ಕಾಣುವುದಿಲ್ಲ, ಪರಿಚಯದವರಂತೆ ಕಾಣುತ್ತಾರೆ. ಪರಿಚಯವಾದ ನಂತರ ಬರುವ ಸಹಜತೆಯೂ ಒಂದಿದೆ. ಅದಕ್ಕೆ ಎರಡು ಗಂಟೆ ಸಾಲದು, ಅಷ್ಟೆ.

ಪ್ರದರ್ಶನ ಮುಗಿದ ಮೇಲೆ ನಾವು ಆ ಚಿತ್ರದ ಒಂದು ಪ್ರತಿಯನ್ನು ಮೂರು ಸಲ ಕೇಳಿ ಪಡೆದು ಬಂದರಿಗೆ ಹೋದೆವು. ಈ ಸಲ ಮಧ್ಯಾಹ್ನ, ಬೆಳಕು ಕೆಟ್ಟ ಹೊತ್ತಿನಲ್ಲಿ. ಸಲಾಂ ಹೇಳಿ ಕುಳಿತೆವು. ಚಹಾದಂಗಡಿಯ ಹುಡುಗನೇ ದುಭಾಷಿ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಅಂಗಿ ಹಾಕಿಕೊಳ್ಳಿ ಅಂದಿದ್ದರೆ ಹಾಕಿಕೊಳ್ಳುತ್ತಿದ್ದೆ" ಎಂದರು. ಹೆಸರು ಹೇಳಿದರು. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆವು. ಬೇಡ ಎಂದರು. ಆದ್ದರಿಂದ ಬರೆಯುತ್ತಿಲ್ಲ. ನಮ್ಮ ಮೊಬೈಲಿನಲ್ಲಿದ್ದ ಚಿತ್ರವನ್ನು ಅವರೆದುರೇ ಅಳಿಸಿದೆವು.

ಸಂಘಟಕ ಗೆಳೆಯರು ಮುಂದಿನ ನಡಿಗೆಗೂ ನಮ್ಮನ್ನು ಕರೆದಿದ್ದಾರೆ. ಬರುತ್ತೇವೆ. ಬಂದರಿನ ಹುಡುಗ ಹುಡುಗಿಯರನ್ನೂ ಕ್ಯಾಮೆರಾ ಕೊಟ್ಟು ಜೊತೆಗೆ ಕರೆದುಕೊಳ್ಳಿ. ತೆಗೆದ ಚಿತ್ರದ ಒಂದು ಪ್ರತಿ ಆ ಮನೆಗೆ ತಲುಪಲಿ. ಮತ್ತು ಮೊದಲ ಅರ್ಧ ಗಂಟೆ ಯಾರೂ ಲೆನ್ಸಿನ ಮುಚ್ಚಳ ತೆಗೆಯಬಾರದು. ಆ ಹೊತ್ತಿನಲ್ಲಿ ಬೆಳಕು ಕೆಟ್ಟರೆ ಕೆಡಲಿ.