ಕ್ಷಮೆ ಮೊದಲಾ, ಆಮೇಲಾ?

ಅಂಕಣ: ಪದದ ಬೆನ್ನು ಹತ್ತಿ

ಈ ತಿಂಗಳು ನಾವು ಬೆನ್ನು ಹತ್ತುವ ಪದ ತುಂಬ ಸುಲಭದ್ದು. ದಿನಕ್ಕೆ ಎಷ್ಟು ಸಲ ಅದು ನಮ್ಮ ಬಾಯಿಗೆ ಬರುತ್ತದೋ ಲೆಕ್ಕವೇ ಇಲ್ಲ. ಟ್ರಾಮಿನಲ್ಲಿ ಯಾರದೋ ಕಾಲು ತುಳಿದರೆ ‘ಎಂಟ್‌ಶುಲ್ಡಿಗುಂಗ್’. ಗೆಳತಿಯ ಮೆಸೇಜಿಗೆ ತಡವಾಗಿ ಉತ್ತರ ಕೊಟ್ಟರೆ ‘ಸಾರಿ’. ಅಜ್ಜಿಗೆ ಫೋನ್ ಮಾಡುವುದು ಮರೆತುಹೋದರೆ ‘ತಪ್ಪಾಯ್ತು ಅಜ್ಜಿ’. ರಾಜ್ಯೋತ್ಸವದ ವೇದಿಕೆಯಲ್ಲಿ ಸಾಲು ಮರೆತರೆ ‘ಕ್ಷಮಿಸಿ’.

ನಾಲ್ಕೂ ಒಂದೇ ಅಂದುಕೊಂಡಿದ್ದೀರಾ? ಒಂದೊಂದನ್ನೇ ಬಿಡಿಸಿ ನೋಡೋಣ. ಇಂಗ್ಲಿಷಿನ ‘ಸಾರಿ’ ಹುಟ್ಟಿದ್ದು ನೋವು, ಹುಣ್ಣು ಎಂಬ ಅರ್ಥದ ಹಳೆಯ ಪದದಿಂದ. ಅಂದರೆ ಅದು ಹೇಳುವವರಿಗೆ ಆದ ನೋವಿನ ಸುದ್ದಿ. ಜರ್ಮನ್ ಪದದ ಒಳಗೆ ‘ಶುಲ್ಡ್’ ಇದೆ. ತಪ್ಪಿನ ಹೊಣೆ ಎಂದು ಅದರ ಅರ್ಥ, ಸಾಲ ಎಂಬ ಅರ್ಥವೂ ಇದೆ. ಮುಂದೆ ಕೂತಿರುವ ‘ಎಂಟ್’ ಆ ಹೊಣೆಯನ್ನು ತೆಗೆದುಹಾಕುತ್ತದೆ. ‘ತಪ್ಪಾಯ್ತು’ ಇನ್ನೂ ಮಜವಾಗಿದೆ. ತಪ್ಪು ತಾನಾಗಿಯೇ ಆಯಿತು, ಮಾಡಿದವರು ಯಾರು ಎಂದು ಅದು ಹೇಳುವುದೇ ಇಲ್ಲ! ಕೊನೆಯದು ‘ಕ್ಷಮಿಸು’. ಇದರ ಬೇರು ಸಂಸ್ಕೃತದ ‘ಕ್ಷಮ್’. ಅದಕ್ಕೆ ಸಹಿಸು, ತಾಳಿಕೊ ಎಂದು ಅರ್ಥ. ‘ಕ್ಷಮಿಸಿ’ ಅಂದಾಗ ನಾವು ಎದುರಿನವರಿಗೆ ಕೇಳುತ್ತಿರುವುದು ಇಷ್ಟು: ನನ್ನಿಂದ ಆದ ಭಾರವನ್ನು ಸ್ವಲ್ಪ ತಾಳಿಕೊಳ್ಳಿ.

ಇದನ್ನು ಯೋಚಿಸುವಂತೆ ಮಾಡಿದ್ದು ಕನ್ನಡ ಶಾಲೆಯಲ್ಲ, ನಮ್ಮ ಸ್ಪ್ಯಾನಿಶ್ ತರಗತಿ. ಈ ವರ್ಷ ನಮಗೆ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟಿದ್ದರು. ನನಗೆ ಬಂದದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾ.

ಮಾಯಾ ಅಂದಕೂಡಲೇ ನಮಗೆ ನೆನಪಾಗುವುದು ಟಿಕಾಲ್‌ನಂಥ ಊರಿನ ಎತ್ತರದ ಕಲ್ಲಿನ ಗುಡಿಗಳು. ಆ ಜನ ಎಂದೋ ಮಾಯವಾದರು ಅಂತ ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಗ್ವಾಟೆಮಾಲಾದಲ್ಲಿ ಇಂದಿಗೂ 22 ಮಾಯಾ ಭಾಷೆಗಳಿವೆ. ಅವುಗಳಲ್ಲಿ ಒಂದು ಕೆಕ್ಚಿ. ಅದನ್ನಾಡುವ ಜನರ ಹೆಸರೂ ಕೆಕ್ಚಿ. ಆಲ್ಟಾ ವೆರಪಾಸ್ ಎಂಬ ಮಳೆ, ಮಂಜು, ಬೆಟ್ಟಗಳ ಪ್ರಾಂತ್ಯದಲ್ಲಿ ಮತ್ತು ಪಕ್ಕದ ಬೆಲೀಜ್ ದೇಶದ ದಕ್ಷಿಣದಲ್ಲಿ ಅವರಿದ್ದಾರೆ. ಎಲ್ಲ ಸೇರಿ 10 ಲಕ್ಷಕ್ಕೂ ಹೆಚ್ಚು ಜನ.

ಕೆಕ್ಚಿಯಲ್ಲಿ ಕ್ಷಮೆ ಕೇಳಬೇಕಾದರೆ ‘ಚಾಕುಯ್ ಇನ್ಮಾಕ್’ ಅನ್ನುತ್ತಾರೆ. ‘ಮಾಕ್’ ಅಂದರೆ ತಪ್ಪು, ಪಾಪ. ‘ಇನ್’ ಅಂದರೆ ನನ್ನ. ‘ಕುಯ್’ ಅಂದರೆ ತಾಳಿಕೊ! ‘ನನ್ನ ತಪ್ಪನ್ನು ತಾಳಿಕೊ’ ಎಂದು ಒಟ್ಟು ಅರ್ಥ. ಕನ್ನಡಕ್ಕೂ ಕೆಕ್ಚಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ನಮ್ಮ ‘ಕ್ಷಮಿಸು’ ಒಳಗಿರುವ ಅರ್ಥವೇ ಅಲ್ಲೂ ಇದೆ.

ಹಾಗಾದರೆ ಅವರು ಈ ಮಾತನ್ನು ಯಾರಿಗೆ ಹೇಳುತ್ತಾರೆ? ಮನುಷ್ಯರಿಗೆ ಹೇಳುತ್ತಾರೆ, ಸರಿ. ಬೆಟ್ಟಕ್ಕೂ ಹೇಳುತ್ತಾರೆ.

ಕೆಕ್ಚಿಯಲ್ಲಿ ‘ತ್ಸೂಲ್’ ಅಂದರೆ ಬೆಟ್ಟ, ‘ತಾಕಾ’ ಅಂದರೆ ಕಣಿವೆ. ಎರಡೂ ಸೇರಿದರೆ ತ್ಸೂಲ್‌ತಾಕಾ, ಆ ನೆಲದ ಒಡೆಯ. ದೊಡ್ಡ ಬೆಟ್ಟಗಳಿಗೆ ಒಬ್ಬೊಬ್ಬ ಒಡೆಯ ಇದ್ದಾನೆ ಅಥವಾ ಒಡತಿ ಇದ್ದಾಳೆ ಎಂಬುದು ನಂಬಿಕೆ. ಅವರು ಬೆಟ್ಟದ ಗುಹೆಯಲ್ಲಿ ಇರುತ್ತಾರೆ. ಕಾಡಿನ ಜಿಂಕೆ, ಹಂದಿಗಳೆಲ್ಲ ಅವರ ಕೊಟ್ಟಿಗೆಯ ಪ್ರಾಣಿಗಳು. ಹಾವು ಅವರ ಸೇವಕ. ಮರ ಕಡಿದರೆ ಅದು ಅವರ ಮರ, ನೆಲ ಅಗೆದರೆ ಅದು ಅವರ ಮೈ.

ಈಗ ಒಂದು ಕೆಕ್ಚಿ ಮನೆಯವರು ಮೆಕ್ಕೆಜೋಳ ಬಿತ್ತಬೇಕು ಅಂದುಕೊಳ್ಳಿ. ಅಲ್ಲಿ ಜೋಳವೇ ಊಟ. ಬಿತ್ತದಿದ್ದರೆ ಮಕ್ಕಳು ಉಪವಾಸ. ಆದರೆ ಬಿತ್ತಲು ಪೊದೆ ಕಡಿಯಬೇಕು, ಸುಡಬೇಕು, ನೆಲಕ್ಕೆ ಚೂಪು ಕೋಲಿನಿಂದ ಚುಚ್ಚಬೇಕು. ನೆಲಕ್ಕೆ ನೋವಾಗದೆ ಊಟ ಸಿಗುವುದಿಲ್ಲ. ಆದ್ದರಿಂದ ಅವರು ಚುಚ್ಚುವ ಮೊದಲೇ ಕ್ಷಮೆ ಕೇಳುತ್ತಾರೆ. ಈ ಅರ್ಪಣೆಯ ಆಚರಣೆಗೆ ‘ಮಾಯೆಹಾಕ್’ ಎಂದು ಹೆಸರು.

ಮಳೆಗಾಲಕ್ಕೆ ಮುಂಚೆ ಊರಿನ ಹಿರಿಯರು ಬೆಟ್ಟಕ್ಕೆ, ಗುಹೆಗೆ ನಡೆದು ಹೋಗುತ್ತಾರೆ. ಮೇಣದಬತ್ತಿ ಹಚ್ಚುತ್ತಾರೆ. ‘ಪೋಮ್’ ಸುಡುತ್ತಾರೆ. ಪೋಮ್ ಅಂದರೆ ಕೋಪಾಲ್ ಮರದ ಅಂಟು, ನಮ್ಮ ಮನೆಯ ಧೂಪದ ಹಾಗೆ. ಆಮೇಲೆ ಮೊಣಕಾಲೂರಿ ಒಡೆಯನ ಜೊತೆ ಮಾತಾಡುತ್ತಾರೆ: ಇಂಥ ಕಡೆ ಬಿತ್ತುತ್ತೇವೆ, ನಿನಗೆ ನೋವು ಕೊಡುತ್ತೇವೆ, ತಾಳಿಕೊ, ಹಾವು ಕಚ್ಚದಂತೆ ನೋಡಿಕೊ. ಬಿತ್ತನೆಯ ಹಿಂದಿನ ರಾತ್ರಿ ಮನೆಯಲ್ಲಿ ಜಾಗರಣೆ. ಬೀಜವನ್ನು ಪೂಜೆಯ ಮೇಜಿನ ಮುಂದಿಟ್ಟು, ದೀಪ ಹಚ್ಚಿ, ಅದರ ಜೊತೆ ಎಚ್ಚರವಿರುತ್ತಾರೆ. ಬೆಳಿಗ್ಗೆ ಹೊಲದ ಮಧ್ಯೆ ಮತ್ತೆ ಪೋಮ್. ನೆಲಕ್ಕೂ ಪಾಲು ಕೊಡುತ್ತಾರೆ. ಆಮೇಲೆ ಅಕ್ಕಪಕ್ಕದ ಗಂಡಸರೆಲ್ಲ ಸಾಲಾಗಿ ನಿಂತು ಬಿತ್ತುತ್ತಾರೆ. ಹೆಂಗಸರು ಅಡುಗೆ ಮಾಡಿರುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಕೆಕ್ಚಿಗಳಲ್ಲಿ ಬಹಳ ಜನ ಕ್ರೈಸ್ತರು. ಹಾಗಾಗಿ ಶಿಲುಬೆ, ಸಂತರ ಪಟ ಮತ್ತು ಬೆಟ್ಟದ ಒಡೆಯ ಮೂರೂ ಒಂದೇ ಪ್ರಾರ್ಥನೆಯಲ್ಲಿ ಬರುತ್ತವೆ. ಕೆಲವು ಚರ್ಚುಗಳಿಗೆ ಇದು ಒಪ್ಪಿಗೆಯಿಲ್ಲ, ಅವುಗಳಿಗೆ ಸೇರಿದವರು ಇದನ್ನು ಬಿಟ್ಟಿದ್ದಾರೆ.

ಹೊಸ ಮನೆ ಕಟ್ಟಿದಾಗ ಇನ್ನೊಂದು ಆಚರಣೆ ಇದೆ. ಅದರ ಹೆಸರಿನ ಅರ್ಥವೇ ‘ಉಣಿಸುವುದು’. ಕಂಬ, ತೊಲೆ ಎಲ್ಲವೂ ಕಾಡಿನಿಂದ ಬಂದದ್ದಲ್ಲವೇ? ಹಾಗಾಗಿ ಮನೆಗೇ ಊಟ ಬಡಿಸುತ್ತಾರೆ. ಇದನ್ನು ಓದಿದಾಗ ನನಗೆ ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆ ನೆನಪಾಯಿತು. ಪೈರು ತೆನೆಗಟ್ಟುವ ಹೊತ್ತಿಗೆ ಭೂಮಿತಾಯಿ ಬಸುರಿ ಎಂದು ಬುಟ್ಟಿಯಲ್ಲಿ ಅಡುಗೆ ಒಯ್ದು ಗದ್ದೆಗೆ ಎಡೆ ಇಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಎಲ್ಲ ಒಂದೇ ಅಂತ ನಾನು ಹೇಳುವುದಿಲ್ಲ, ಕಥೆ ಬೇರೆ, ದೇವರು ಬೇರೆ. ಆದರೆ ಉಣಿಸಿದವಳಿಗೆ ಉಣಿಸಬೇಕು ಅನ್ನುವ ಲೆಕ್ಕ ಎರಡೂ ಕಡೆ ಇದೆ. ಸಂಸ್ಕೃತದಲ್ಲಿ ‘ಕ್ಷಮಾ’ ಎಂಬ ಪದಕ್ಕೆ ಭೂಮಿ ಎಂಬ ಅರ್ಥವೂ ಇದೆ, ಗೊತ್ತಾ? ಎಲ್ಲರ ಭಾರ ತಾಳಿಕೊಳ್ಳುವವಳು ಅವಳು ತಾನೇ.

ಕೆಕ್ಚಿಗಳ ನೆಂಟರಾದ ಕಿಚೆ ಎಂಬ ಮಾಯಾ ಜನರಲ್ಲಿ ಕ್ಷಮೆಗೆ ಒಂದು ದಿನವೇ ಇದೆ. ಅವರ ಪವಿತ್ರ ಪಂಚಾಂಗಕ್ಕೆ 260 ದಿನ. 20 ದಿನದ ಹೆಸರುಗಳು, 1ರಿಂದ 13ರವರೆಗಿನ ಸಂಖ್ಯೆಗಳು, ಎರಡೂ ಜೋಡಿಯಾಗಿ ತಿರುಗುತ್ತವೆ. ಹೆಸರುಗಳಲ್ಲಿ ಒಂದು ‘ಅಹ್ಮಾಕ್’. ನೋಡಿ, ಇಲ್ಲೂ ‘ಮಾಕ್’ ಇದೆ! ಆ ದಿನ ತೀರಿಹೋದ ಹಿರಿಯರ ಹತ್ತಿರ, ದೇವರ ಹತ್ತಿರ ಕ್ಷಮೆ ಕೇಳುತ್ತಾರೆ. ಹೆಸರುಗಳು 20 ಇರುವುದರಿಂದ ಅಹ್ಮಾಕ್ 20 ದಿನಕ್ಕೊಮ್ಮೆ ಬಂದೇ ಬರುತ್ತದೆ. ಕ್ಷಮೆ ಕೇಳಲು ಜಗಳ ಆಗುವವರೆಗೆ ಕಾಯಬೇಕಿಲ್ಲ.

ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಕೈ ಎತ್ತಿದ. ‘ಮೊದಲೇ ಸಾರಿ ಕೇಳಿಬಿಟ್ಟರೆ ಆಮೇಲೆ ಏನು ಬೇಕಾದರೂ ಮಾಡಬಹುದಲ್ಲ? ಒಳ್ಳೆ ಉಪಾಯ!’ ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಚೆನ್ನಾಗಿತ್ತು. ಯೋಚಿಸಿ ನೋಡಿದರೆ ಆಗುವುದು ಉಲ್ಟಾ. ಮೊದಲೇ ಕೇಳಬೇಕಾದರೆ ಎಲ್ಲಿ, ಎಷ್ಟು, ಯಾಕೆ ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿದ್ದು ಈ ಹೊಲಕ್ಕೆ, ಈ ಬಿತ್ತನೆಗೆ ಮಾತ್ರ. ಮುಂದಿನ ವರ್ಷ ಮತ್ತೆ ಕೇಳಬೇಕು. ‘ತಾಳಿಕೊ’ ಅಂದವರು ಎದುರಿನವರ ಮೇಲೆ ಎಷ್ಟು ಭಾರ ಹಾಕುತ್ತಿದ್ದೇವೆ ಎಂದು ಮೊದಲು ಅಳೆಯಲೇಬೇಕು.

ಕೇಳದೆ ತೆಗೆದುಕೊಂಡರೆ ಏನಾಗುತ್ತದೆ? ಅದಕ್ಕೂ ಇದೇ ಬೆಟ್ಟಗಳಲ್ಲಿ ಉತ್ತರ ಇದೆ, ಅದು ನಾವಿರುವ ಜರ್ಮನಿಗೂ ಸೇರಿದ್ದು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಆಲ್ಟಾ ವೆರಪಾಸ್‌ಗೆ ಕಾಫಿ ಬಂತು. ಕೋಬಾನ್ ಊರಿನ ಸುತ್ತ ಜರ್ಮನ್ ಕುಟುಂಬಗಳು ದೊಡ್ಡ ದೊಡ್ಡ ತೋಟ ಮಾಡಿದವು. ಅಲ್ಲಿನ ಕಾಫಿ ಹಡಗು ಹತ್ತಿ ಹಾಂಬುರ್ಗ್‌ಗೆ ಬರುತ್ತಿತ್ತು. ತಲೆಮಾರುಗಳಿಂದ ಕೆಕ್ಚಿಗಳು ಬಿತ್ತುತ್ತಿದ್ದ ನೆಲ ಕಾಗದದ ಮೇಲೆ ಬೇರೆಯವರ ಹೆಸರಿಗೆ ಹೋಯಿತು. 1877ರಲ್ಲಿ ಬಂದ ಕಾನೂನು ಹಳ್ಳಿಯವರನ್ನು ಬಲವಂತವಾಗಿ ತೋಟದ ಕೂಲಿಗೆ ಕಳಿಸಲು ದಾರಿ ಮಾಡಿತು. ಒಂದು ಕೋಲಿನ ತೂತಿಗೆ ರಾತ್ರಿಯೆಲ್ಲ ಎದ್ದು ಕ್ಷಮೆ ಕೇಳುವ ಜನರ ಕೈಯಿಂದ ಬೆಟ್ಟಕ್ಕೆ ಬೆಟ್ಟವೇ ಹೋಯಿತು. ತೆಗೆದುಕೊಂಡವರು ಯಾರನ್ನೂ ಕೇಳಲಿಲ್ಲ.

ನೆಲದ ಈ ಜಗಳ ಅಲ್ಲಿಗೇ ಮುಗಿಯಲಿಲ್ಲ. 29 ಮೇ 1978ರಂದು ಪಾನ್ಸೋಸ್ ಎಂಬ ಊರಿನಲ್ಲಿ ತಮ್ಮ ಭೂಮಿಗಾಗಿ ಕೇಳಲು ಸೇರಿದ್ದ ಕೆಕ್ಚಿ ರೈತರ ಮೇಲೆ ಸೈನಿಕರು ಗುಂಡು ಹಾರಿಸಿದರು. ಹತ್ತಾರು ಜನ ಸತ್ತರು. 1960ರಿಂದ 1996ರವರೆಗೆ ಆ ದೇಶದಲ್ಲಿ ಒಳಯುದ್ಧ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ಗುರುತು ಸಿಕ್ಕವರಲ್ಲಿ 100ಕ್ಕೆ 83 ಮಂದಿ ಮಾಯಾ ಜನ. ಯುದ್ಧದಲ್ಲಿ ಗುಟ್ಟಾಗಿ ಹೂತವರನ್ನು ಹುಡುಕಿ ಹೊರತೆಗೆದು, ಮನೆಯವರಿಗೆ ಒಪ್ಪಿಸುವ ಕೆಲಸ ಆಮೇಲೆ ನಡೆಯಿತು. ಹಲವು ಕಡೆ ಗುದ್ದಲಿ ಹಾಕುವ ಮೊದಲು ಮನೆಯವರು ದೀಪ ಹಚ್ಚಿ, ಪೋಮ್ ಸುಟ್ಟರು. ನಿಮ್ಮನ್ನು ಕದಲಿಸುತ್ತಿದ್ದೇವೆ ಎಂದು ಸತ್ತವರ ಹತ್ತಿರ, ಅಗೆಯುತ್ತಿದ್ದೇವೆ ಎಂದು ನೆಲದ ಹತ್ತಿರ ಅನುಮತಿ, ಕ್ಷಮೆ ಕೇಳಿದರು. ಅವರು ಯಾವ ತಪ್ಪೂ ಮಾಡಿರಲಿಲ್ಲ. ಈ ಭಾಗವನ್ನು ಬರೆಯುವಾಗ ನನಗೆ ತುಂಬ ಹೊತ್ತು ಮುಂದೆ ಹೋಗಲು ಆಗಲಿಲ್ಲ.

ಇದೆಲ್ಲ ನಮಗ್ಯಾಕೆ ಅಂತ ಕೇಳುತ್ತೀರಾ? ನಾವ್ಯಾರೂ ಗುಹೆಗೆ ಹೋಗಿ ಪೋಮ್ ಸುಡಬೇಕಾಗಿಲ್ಲ. ಅದು ಅವರ ಬೆಟ್ಟ, ಅವರ ಒಡೆಯ. ಆದರೆ ‘ಮೊದಲೇ ಕೇಳು’ ಅನ್ನುವುದು ನಮ್ಮಂಥ ಮನೆಗಳಿಗೆ ತುಂಬ ಬೇಕು ಅನ್ನಿಸುತ್ತದೆ. ಯಾಕೆಂದರೆ ನಾವು ಊರು ಬಿಡುವವರು. ಕೆಲಸ ಬದಲಾದರೆ ಊರು ಬದಲು, ಶಾಲೆ ಬದಲು, ಗೆಳೆಯರು ಬದಲು. ಅದು ಯಾರ ತಪ್ಪೂ ಅಲ್ಲ, ಜೋಳ ಬಿತ್ತಿದ ಹಾಗೆ, ಬದುಕಲು ಮಾಡಲೇಬೇಕಾದ್ದು. ಆದರೂ ಯಾರೋ ಒಬ್ಬರು ಅದರ ಭಾರ ತಾಳಿಕೊಳ್ಳುತ್ತಾರೆ.

ನಾನು ಮೂರನೇ ತರಗತಿಯಲ್ಲಿದ್ದಾಗ ನಾವು ಊರು ಬದಲಿಸಿದೆವು. ಪೆಟ್ಟಿಗೆ ಕಟ್ಟುವುದಕ್ಕೆ ಎರಡು ತಿಂಗಳು ಮೊದಲೇ ಅಪ್ಪ ನನ್ನನ್ನು ಕೂರಿಸಿಕೊಂಡು, ‘ಪುಟ್ಟಿ, ಇದರಿಂದ ನಿಂಗೇ ಜಾಸ್ತಿ ಕಷ್ಟ ಆಗೋದು, ನಂಗೊತ್ತು. ಸ್ವಲ್ಪ ತಡ್ಕೋತೀಯಾ? ಏನು ಮಾಡಿದ್ರೆ ಹಗುರ ಆಗತ್ತೆ, ಹೇಳು’ ಅಂದರು. ನಾನು ಅತ್ತೆ, ಆಮೇಲೆ ನನ್ನ ಗೆಳತಿಯ ಹೆಸರು ಹೇಳಿದೆ. ಒಂದು ವರ್ಷ ಪೂರ್ತಿ, ತಿಂಗಳಿಗೊಂದು ಶನಿವಾರ ಅಪ್ಪ ಎರಡು ಗಂಟೆ ಕಾರು ಓಡಿಸಿ ನನ್ನನ್ನು ಅವಳ ಮನೆಗೆ ಕರೆದುಕೊಂಡು ಹೋದರು. ಅಪ್ಪ ಆವತ್ತು ಕ್ಷಮೆ ಎಂಬ ಪದವನ್ನೇ ಬಳಸಲಿಲ್ಲ. ಆದರೆ ಕೇಳಿದ್ದು ಅದೇ, ಆ ಶನಿವಾರಗಳು ಅದರ ಉಣಿಸುವಿಕೆ ಅಂತ ನನಗೆ ಈಗ ಅರ್ಥವಾಗುತ್ತಿದೆ.

ಅಪ್ಪ ಅಮ್ಮಂದಿರೇ, ನಮ್ಮ ಮನೆಗಳಲ್ಲಿ ಕ್ಷಮೆ ಹೆಚ್ಚಾಗಿ ಚಿಕ್ಕವರಿಂದ ದೊಡ್ಡವರಿಗೆ ಹೋಗುತ್ತದೆ. ‘ಸಾರಿ ಹೇಳು’ ಎಂದು ನಮಗೆ ಮೂರನೇ ವಯಸ್ಸಿಗೇ ಕಲಿಸುತ್ತೀರಿ. ಮಾಯೆಹಾಕ್‌ನಲ್ಲಿ ಮೊದಲು ಮೊಣಕಾಲೂರುವವರು ಹಿರಿಯರು. ನಮ್ಮ ಮನೆಯಲ್ಲೂ ಮಕ್ಕಳು ಅದನ್ನು ನೋಡಿದರೆ ‘ಸಾರಿ ಹೇಳು’ ಅಂತ ಕಲಿಸಬೇಕಾದ್ದು ಅರ್ಧ ಕಡಿಮೆಯಾಗುತ್ತದೆ, ನಂಬಿ. ಇನ್ನು ಊರಿನಲ್ಲಿ ನಮಗೋಸ್ಕರ ಕಾಯುವ ಅಜ್ಜಿ ತಾತ ಇದ್ದಾರಲ್ಲ, ಅವರು ತಾಳಿಕೊಂಡಿರುವ ಭಾರವನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದೀರಾ?

ತಮ್ಮ ತಂಗಿಯರೇ, ನಿಮಗೆ ಈ ತಿಂಗಳ ಕೆಲಸ. ನೀವು ಮಾಡಲಿರುವ ಒಂದು ಕೆಲಸದಿಂದ ಮನೆಯಲ್ಲಿ ಯಾರಿಗೆ ಭಾರ ಆಗುತ್ತದೆ ಎಂದು ಯೋಚಿಸಿ. ಪರೀಕ್ಷೆಯ ವಾರ ಅಮ್ಮನಿಗೆ ಸಹಾಯ ಮಾಡಲು ಆಗದಿರಬಹುದು, ಡ್ರಮ್ಸ್ ಅಭ್ಯಾಸದಿಂದ ತಮ್ಮನ ನಿದ್ದೆ ಕೆಡಬಹುದು. ಮೊದಲೇ ಹೋಗಿ ಎರಡು ಮಾತು ಕೇಳಿ: ‘ತಾಳ್ಕೋತೀರಾ?’ ‘ನಾನು ಏನು ಮಾಡಿದರೆ ಹಗುರ ಆಗುತ್ತೆ?’ ಎರಡನೇ ಪ್ರಶ್ನೆಗೆ ಬಂದ ಉತ್ತರವನ್ನು ಮರೆಯದೆ ಮಾಡಿ. ಅವರು ‘ಬೇಡ’ ಅಂದರೂ ಅಂದಾರು. ಹಾಗಂದರೆ ಅದನ್ನೂ ಕೇಳಿಸಿಕೊಳ್ಳಿ, ನಿಜವಾಗಿ ಕೇಳಿದವರಿಗೆ ಮಾತ್ರ ‘ಬೇಡ’ ಅನ್ನುವ ಉತ್ತರ ಸಿಗುತ್ತದೆ.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಕ್ಷಮೆ ಕೇಳಲು ಬೇರೆ ಪದ ಇದ್ದರೆ ನನಗೆ ಬರೆದು ಕಳಿಸಿ. ಮುಂದಿನ ತಿಂಗಳು ಇನ್ನೊಂದು ಪದದ ಬೆನ್ನು ಹತ್ತೋಣ. ಬರಹ ಸ್ವಲ್ಪ ಉದ್ದವಾಯಿತು, ತಾಳಿಕೊಂಡಿದ್ದಕ್ಕೆ ಧನ್ಯವಾದ!